ರಾತ್ರಿ 10ರ ಮೇಲೆ ಪಟಾಕಿ: ಮಂಗಳೂರಿನಲ್ಲಿ ಕಾನೂನು ಎಂತ ಉಂಟು, ಯಾರಿಗೆ ಹೇಳಬೇಕು?

ಬಿಜೈ ಮಗಳು
ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಇನ್ನು ಮೂರು ವಾರ ಉಂಟು. ಹಬ್ಬದ ದಿನ ಕೇಳಿದರೆ ಜಗಳ ಆಗುತ್ತದೆ, ಅದಕ್ಕೆ ಈಗಲೇ ಕೇಳುತ್ತಿದ್ದೇನೆ.

ನಮ್ಮ ಮನೆ ಬಿಜೈಯಲ್ಲಿ. ಅಪ್ಪನಿಗೆ 78 ವರ್ಷ. ಹೃದಯದ ಆಪರೇಷನ್ ಆಗಿದೆ. ನಿದ್ದೆ ಮೊದಲೇ ಕಡಿಮೆ. ಕಳೆದ ದೀಪಾವಳಿಯ ಎರಡನೇ ರಾತ್ರಿ 12:40ಕ್ಕೆ ನಮ್ಮ ಓಣಿಯಲ್ಲಿ ಗರ್ನಾಲು, ಅಂದರೆ ಜಾತ್ರೆಗೆ ಹೊಡೆಯುವ ದೊಡ್ಡ ಸದ್ದಿನ ಪಟಾಕಿ ಹೊಡೆದರು. ಒಂದಲ್ಲ, ಆರು. ಕಿಟಕಿಯ ಗಾಜು ನಡುಗಿತು. ಅಪ್ಪ ಎದ್ದು ಕುಳಿತು ಎದೆ ಹಿಡಿದುಕೊಂಡರು. ಮೈಯೆಲ್ಲ ಬೆವರು. ದೇವರ ದಯೆ, ಹೆಚ್ಚು ಏನೂ ಆಗಲಿಲ್ಲ. ಆದರೆ ಆ ಹತ್ತು ನಿಮಿಷ ನನಗೆ ಮರೆಯುವುದಿಲ್ಲ.

ಒಂದು ಕಡೆ ಫೋನ್ ಮಾಡಿದೆ. "ಹಬ್ಬ ಅಲ್ವಾ ಅಮ್ಮ, ಒಂದು ದಿನ ಸುಧಾರಿಸಿಕೊಳ್ಳಿ" ಅಂದರು. ಮರುದಿನ ಇನ್ನೊಂದು ಕಚೇರಿಗೆ ಹೋದೆ. "ಅದು ನಮ್ಮದಲ್ಲ" ಅಂದರು. ಹಾಗಾದರೆ ಯಾರದ್ದು?

ನಗರದ ಒಳಗೆ ಪಟಾಕಿಗೆ ನಿಜವಾಗಿ ಎಂತ ಕಾನೂನು ಉಂಟು? ಗಂಟೆ ಎಷ್ಟು, ಸದ್ದು ಎಷ್ಟು, ಜಾಗ ಯಾವುದು? ಹಬ್ಬ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನಾನೂ ನಕ್ಷತ್ರಕಡ್ಡಿ ಹಿಡಿದೇ ಬೆಳೆದವಳು.

ರಥಬೀದಿ
ರಾತ್ರಿ 8ರಿಂದ 10. ಹಸಿರು ಪಟಾಕಿ (ಹೊಗೆ ಕಡಿಮೆ ಬರುವ ಹಾಗೆ ಮಾಡಿದ್ದು) ಮಾತ್ರ. ಸುಪ್ರೀಂ ಕೋರ್ಟ್ ಹೇಳಿದೆ, ಮುಗಿಯಿತು.

ಉರ್ವ ಸ್ಟೋರ್
ಅದು ದೆಹಲಿಗೆ ಮಾತ್ರ ಅಲ್ವಾ ಅಣ್ಣ? ಅಲ್ಲಿ ಹೊಗೆ ನಿಲ್ಲುತ್ತದೆ, ಗಾಳಿ ಇಲ್ಲ. ನಮ್ಮ ಕಡೆ ರಾತ್ರಿ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಗಾಳಿ ಬೀಸುತ್ತದೆ. ಬೆಳಿಗ್ಗೆಯೊಳಗೆ ಎಲ್ಲ ಹೋಗಿರುತ್ತದೆ. ಮೇಲಿಂದ ಆ ಸಮಯಕ್ಕೆ ಮಳೆಯೂ ಬರುತ್ತದೆ. ದೆಹಲಿಯ ರೋಗಕ್ಕೆ ಮಂಗಳೂರಿಗೆ ಯಾಕೆ ಮದ್ದು?

ಕೋರ್ಟ್ ಗುಡ್ಡೆ
ಉರ್ವದವರೇ, ಈ ತಪ್ಪು ತಿಳುವಳಿಕೆ ತುಂಬಾ ಜನರಿಗೆ ಉಂಟು. ನಾನು ವಕೀಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಟಾಕಿಯ ಸದ್ದಿನ ವಿಷಯ ಹೊಗೆಗಿಂತ ಹಳೆಯದು. 2005ರ ಜುಲೈಯಲ್ಲೇ ಸುಪ್ರೀಂ ಕೋರ್ಟ್ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಹೊಡೆಯಬಾರದು ಅಂತ ಹೇಳಿತ್ತು. ಆಮೇಲೆ 2010ರಲ್ಲಿ ಅದೇ ಮಾತು ಶಬ್ದ ಮಾಲಿನ್ಯ ನಿಯಮಗಳ ಒಳಗೆ ಬಂತು. ಇದು ಇಡೀ ದೇಶಕ್ಕೆ. ದೆಹಲಿಯ ಗಾಳಿಗೂ ಇದಕ್ಕೂ ಸಂಬಂಧ ಇಲ್ಲ.

2018ರ ಅಕ್ಟೋಬರ್ 23ರ ತೀರ್ಪು ಇನ್ನೊಂದು. ಅದರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10, ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ರಾತ್ರಿ 11:55ರಿಂದ 12:30 ಅಂತ ಗಂಟೆ ಕೊಟ್ಟಿದ್ದಾರೆ. ಮಾಲೆ ಪಟಾಕಿ ಬೇಡ, ಬೇರಿಯಂ ಉಪ್ಪು ಹಾಕಿದ್ದು ಬೇಡ, ಆನ್‌ಲೈನ್ ಮಾರಾಟ ಬೇಡ. ಅದೂ ದೆಹಲಿಗೆ ಮಾತ್ರ ಅಂತ ಕೆಲವರು ವಾದ ಮಾಡಿದರು. 2023ರ ನವೆಂಬರ್ 7ರಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು: ಎಲ್ಲ ರಾಜ್ಯಗಳಿಗೂ ಅನ್ವಯ. ಮಂಗಳೂರು ಅದರ ಹೊರಗೆ ಇಲ್ಲ.

ಜಾರಿ ಯಾರದ್ದು ಅಂತ ಬಿಜೈಯವರು ಕೇಳಿದ್ದಾರೆ. 2018ರ ಆ ತೀರ್ಪಿನಲ್ಲೇ ಉತ್ತರ ಉಂಟು. ತಪ್ಪಿದರೆ ಆಯಾ ಪೊಲೀಸ್ ಠಾಣೆಯ ಅಧಿಕಾರಿಯೇ ಹೊಣೆ, ಅದು ನ್ಯಾಯಾಂಗ ನಿಂದನೆ ಆಗುತ್ತದೆ ಅಂತ ಬರೆದಿದ್ದಾರೆ. ಹಾಗಾಗಿ "ನಮ್ಮದಲ್ಲ" ಅಂತ ಠಾಣೆ ಹೇಳುವ ಹಾಗಿಲ್ಲ.

ಉರ್ವ ಸ್ಟೋರ್
2023ರ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಾತು ವಾಪಸ್ ತೆಗೆದುಕೊಂಡೆ. ಆದರೆ ಎರಡು ಗಂಟೆಯಲ್ಲಿ ಹಬ್ಬ ಮುಗಿಸಿ ಅಂದರೆ ಮಕ್ಕಳಿಗೆ ಬೇಜಾರು ಆಗುತ್ತದೆ. ಅದೂ ಸತ್ಯ ಅಲ್ವಾ?

ಕೂಳೂರು ಅಮ್ಮ
ಮಕ್ಕಳು 9 ಗಂಟೆಗೆ ಸುಸ್ತಾಗಿ ಮಲಗುತ್ತಾರೆ. 12:40ಕ್ಕೆ ಹೊಡೆಯುವವರು ಮಕ್ಕಳಲ್ಲ.

ಮೈದಾನದ ಸ್ಟಾಲ್
ನಾನು ಹದಿನಾಲ್ಕು ವರ್ಷದಿಂದ ಹಬ್ಬಕ್ಕೆ ಪಟಾಕಿ ಸ್ಟಾಲ್ ಹಾಕುವವನು. ಎಲ್ಲರೂ ನಮ್ಮನ್ನೇ ಬೈಯುವುದು, ಅದಕ್ಕೆ ನಮ್ಮ ಕಡೆಯದ್ದೂ ಕೇಳಿ.

ಲೈಸೆನ್ಸ್ ಅಂದರೆ ಸುಮ್ನೆ ಸಿಗುವುದಿಲ್ಲ. ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್ ಕಡೆಯಿಂದ ತಾತ್ಕಾಲಿಕ ಪರವಾನಗಿ ಆಗಬೇಕು. ಅಗ್ನಿಶಾಮಕದವರ ಎನ್‌ಓಸಿ ಬೇಕು. ಸ್ಟಾಲ್‌ಗೆ ಬೆಂಕಿ ಹಿಡಿಯದ ತಗಡು ಹಾಕಬೇಕು. ಒಂದು ಸ್ಟಾಲ್‌ನಿಂದ ಇನ್ನೊಂದಕ್ಕೆ ಕಡಿಮೆ ಅಂದರೂ 3 ಮೀಟರ್ ಬಿಡಬೇಕು. ಎದುರು ಬದುರು ಹಾಕುವ ಹಾಗಿಲ್ಲ. ಮನೆ, ಶಾಲೆ ಇಂಥ ಕಟ್ಟಡಗಳಿಂದ 50 ಮೀಟರ್ ದೂರ. ಒಂದು ಗುಂಪಿನಲ್ಲಿ 50 ಸ್ಟಾಲ್ ಮೀರಬಾರದು. ಒಳಗೆ ಎಣ್ಣೆ ದೀಪ, ಗ್ಯಾಸ್ ದೀಪ ಇಡುವ ಹಾಗಿಲ್ಲ. ಲಕ್ಷ್ಮೀ ಪೂಜೆಯ ದಿನವೂ ನಾವು ಸ್ಟಾಲ್ ಒಳಗೆ ಒಂದು ಹಣತೆ ಹಚ್ಚುವುದಿಲ್ಲ. ಪೂಜೆ ಹೊರಗೆ, ದೂರದಲ್ಲಿ.

ಇಷ್ಟೆಲ್ಲ ಮಾಡಿ ನಾವು ಕೂತಿರುತ್ತೇವೆ. ಆದರೆ ಕೆಲವು ಬಡಾವಣೆಗಳಲ್ಲಿ ದಿನಸಿ ಅಂಗಡಿಯವರು ಅಕ್ಕಿ ಮೂಟೆಯ ಪಕ್ಕದಲ್ಲೇ ಪಟಾಕಿ ಪೆಟ್ಟಿಗೆ ಇಟ್ಟು ಮಾರುತ್ತಾರೆ. ಮೇಲಿನ ಮಹಡಿಯಲ್ಲಿ ಮನೆ ಇರುತ್ತದೆ. ಅವರಿಗೆ ಯಾವ ಪತ್ರವೂ ಇಲ್ಲ. ನೀವು ದೂರು ಕೊಡುವುದಾದರೆ ಮೊದಲು ಅದನ್ನು ಕೊಡಿ ಮಾರಾಯ್ರೆ. ಸದ್ದಿನಿಂದ ನಿದ್ದೆ ಹೋಗುತ್ತದೆ. ಅದರಿಂದ ಜೀವ ಹೋಗುತ್ತದೆ.

ಅತ್ತಾವರ 3ನೇ ಕ್ರಾಸ್
ಇದು ಸರಿಯಾದ ಮಾತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಆದದ್ದು ನೆನಪು ಉಂಟಲ್ಲ? ಲಾರಿಯಿಂದ ಪಟಾಕಿ ಇಳಿಸುವಾಗ ಗೋದಾಮಿಗೆ ಬೆಂಕಿ. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಸೀಸನ್‌ಗೆ ಕೆಲಸಕ್ಕೆ ಬಂದಿದ್ದ ತಮಿಳುನಾಡಿನ ಹುಡುಗರು. ಕಾಲೇಜಿನ ಫೀಸಿಗೆ ದುಡ್ಡು ಆಗುತ್ತದೆ ಅಂತ ಬಂದವರೂ ಇದ್ದರು. ಆಮೇಲೇ ರಾಜ್ಯ ಸರ್ಕಾರ ರಾಜಕೀಯ ಮೆರವಣಿಗೆ, ಮದುವೆ, ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಬೇಡ ಅಂದದ್ದು.

ಮದುವೆ ಮನೆ
ಮದುವೆಯಲ್ಲಿ ಬೇಡ ಅಂದದ್ದು ಎಲ್ಲಿ ಜಾರಿ ಆಗಿದೆ? ಹೋದ ತಿಂಗಳು ನಮ್ಮ ಪಕ್ಕದ ಹಾಲ್‌ನಲ್ಲಿ ದಿಬ್ಬಣ ಬರುವಾಗ ಕಾಲು ಗಂಟೆ ಹೊಡೆದರು.

ವೇಣೂರು ದಾರಿ
ನಾನು ಬೆಳ್ತಂಗಡಿ ಕಡೆಯವನು, ಈಗ ಮಂಗಳೂರಿನಲ್ಲಿ ಕೆಲಸ. 2024ರ ಜನವರಿ 28, ಭಾನುವಾರ ಸಂಜೆ ಮನೆಯಲ್ಲಿ ಚಾ ಕುಡಿಯುತ್ತಿದ್ದೆವು. ಒಂದು ಸದ್ದು ಬಂತು. ಭೂಕಂಪ ಅಂದುಕೊಂಡು ಅಂಗಳಕ್ಕೆ ಓಡಿದೆವು. ಆಮೇಲೆ ಗೊತ್ತಾಯಿತು, ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುವ ಜಾಗ ಸ್ಫೋಟ ಆಗಿದೆ ಅಂತ. ಮೂರು ಜನ ಹೋದರು.

ನಾವು ಪಟಾಕಿ ಅಂದರೆ ಶಿವಕಾಶಿ ಅಂತ ಅಂದುಕೊಳ್ಳುತ್ತೇವೆ. ನಮ್ಮ ಜಾತ್ರೆಗೆ ಬೇಕಾದ ಗರ್ನಾಲು, ಸುಡುಮದ್ದು ನಮ್ಮ ಹತ್ತಿರವೇ ತಯಾರಾಗುತ್ತದೆ. ಕೈಯಲ್ಲಿ ಮದ್ದು ತುಂಬುವವರು ದಿನಗೂಲಿಯವರು. ಆ ದಿನದ ಮೇಲೆ ನನಗೆ ಗರ್ನಾಲಿನ ಸದ್ದು ಕೇಳಿದರೆ ಖುಷಿ ಆಗುವುದಿಲ್ಲ. ಯಾರನ್ನೂ ದೂರಲು ಹೇಳಿದ್ದಲ್ಲ. ಇದ್ದದ್ದು ಹೇಳಿದೆ.

ಹತ್ತೂರ ಒಡೆಯ
ವೇಣೂರಿನ ಅಣ್ಣನ ನೋವು ಅರ್ಥ ಆಗುತ್ತದೆ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಾನು ಪುತ್ತೂರಿನವನು. ಏಪ್ರಿಲ್ 17ರ ಪುತ್ತೂರು ಬೆಡಿ, ಅಂದರೆ ಜಾತ್ರೆಯ ಸುಡುಮದ್ದು, ನಮಗೆ ಏನು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೇವರಮಾರು ಗದ್ದೆಯಲ್ಲಿ ತೋರಿಸಿದ್ದರು. ಬೊಂಬಾಯಿಯಲ್ಲಿ ಇರುವವರೂ ಆ ದಿನಕ್ಕೆ ಊರಿಗೆ ಬರುತ್ತಾರೆ. ಕುಂಬಳೆ ಬೆಡಿಯೂ ಹಾಗೇ. ಅದು ದೇವರಿಗೆ ಸೇವೆ, ಮೋಜು ಅಲ್ಲ. ಅದನ್ನೂ ನಿಲ್ಲಿಸಿ ಅಂತ ಮುಂದೆ ಹೇಳುವಿರಾ?

ಬಿಜೈ ಮಗಳು
ಇಲ್ಲ ಅಣ್ಣ. ನಾನು ಹಾಗೆ ಹೇಳಲೇ ಇಲ್ಲ. ಪುತ್ತೂರಿನ ಬೆಡಿಗೆ ನಮ್ಮ ಅಪ್ಪನೇ ಎಷ್ಟೋ ಸಲ ಹೋಗಿದ್ದಾರೆ. ಅಲ್ಲಿ ದೊಡ್ಡ ಗದ್ದೆ, ಗೊತ್ತಿರುವ ದಿನ, ಗೊತ್ತಿರುವ ಗಂಟೆ, ಹೊಡೆಯುವವರು ಗೊತ್ತಿರುವವರು. ನಮ್ಮದು ಹತ್ತು ಅಡಿಯ ಓಣಿ, ಎರಡೂ ಬದಿ ನಾಲ್ಕು ಮಹಡಿ. ಹೊಡೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಹತ್ತೂರ ಒಡೆಯ
ಹಾಗಾದರೆ ನನ್ನ ತಕರಾರು ಇಲ್ಲ ಅಕ್ಕ. ಓಣಿಯಲ್ಲಿ ಗರ್ನಾಲು ಹೊಡೆಯುವುದು ತಪ್ಪೇ. ಗರ್ನಾಲು ಮನೆಯ ಅಂಗಳಕ್ಕೆ ಮಾಡಿದ್ದೇ ಅಲ್ಲ.

ಆಸ್ಪತ್ರೆ ರಾತ್ರಿ ಪಾಳಿ
ಜಾತ್ರೆಗೆ ಎಲ್ಲ ಸರಿ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ ತೆಯ್ಯಂ ನೋಡಲು ಸೇರಿದ್ದವರ ಹತ್ತಿರವೇ ಸುಡುಮದ್ದು ಇಟ್ಟಿದ್ದ ಶೆಡ್‌ಗೆ ಕಿಡಿ ಬಿತ್ತು. 150ಕ್ಕೂ ಹೆಚ್ಚು ಜನರಿಗೆ ಗಾಯ ಆಯಿತು, ಹಲವರು ಆಮೇಲೆ ತೀರಿಕೊಂಡರು. ಸುಟ್ಟವರನ್ನು ಮಂಗಳೂರಿಗೂ ತಂದರು. 2016ರ ಏಪ್ರಿಲ್ 10ರ ಕೊಲ್ಲಂ ಪುಟ್ಟಿಂಗಲ್ ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಜಿಲ್ಲಾಡಳಿತ ಅನುಮತಿ ಕೊಟ್ಟಿರಲೇ ಇಲ್ಲ.

ನಾನು ನರ್ಸ್. ದೀಪಾವಳಿಯ ಮೂರು ರಾತ್ರಿ ನಮಗೆ ರಜೆ ಇಲ್ಲ. ಬರುವವರಲ್ಲಿ ಮಕ್ಕಳು ಜಾಸ್ತಿ. ಹೊಡೆದವರಿಗಿಂತ ಪಕ್ಕದಲ್ಲಿ ನಿಂತು ನೋಡಿದವರಿಗೇ ಕಣ್ಣಿಗೆ ಪೆಟ್ಟು. ಒಂದು ಸಲ ಏಳು ವರ್ಷದ ಹುಡುಗಿಯನ್ನು ತಂದರು. ಹೂಕುಂಡ ಹತ್ತಿಕೊಳ್ಳಲಿಲ್ಲ ಅಂತ ಬಗ್ಗಿ ನೋಡಿದ್ದಾಳೆ. ಅವಳ ತಾಯಿ ಕಣ್ಣಿಗೆ ಅರಶಿನ ಹಚ್ಚಿದ್ದರು. ಪ್ರೀತಿಯಿಂದಲೇ ಹಚ್ಚಿದ್ದು. ಆದರೆ ಅದನ್ನು ತೆಗೆಯಲು ಆ ಮಗು ಪಟ್ಟ ಕಷ್ಟ ನೋಡಲು ಆಗಲಿಲ್ಲ.

ದಯವಿಟ್ಟು ಇಷ್ಟು ನೆನಪಿಡಿ. ಕೈ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಪೇಸ್ಟ್ ಬೇಡ, ಅರಶಿನ ಬೇಡ, ತೆಂಗಿನೆಣ್ಣೆ ಬೇಡ. ಕಣ್ಣಿಗೆ ಮದ್ದಿನ ಪುಡಿ ಹೋದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ಸೀದಾ ಕಣ್ಣಿನ ಡಾಕ್ಟರ ಹತ್ತಿರ ಬನ್ನಿ. ಹತ್ತದ ಪಟಾಕಿಯ ಹತ್ತಿರ ಮತ್ತೆ ಹೋಗಬೇಡಿ. ಒಂದು ಬಾಲ್ದಿ ನೀರು ಹೊಯ್ದು ಬಿಟ್ಟುಬಿಡಿ.

ಕೂಳೂರು ಅಮ್ಮ
ಪುಣ್ಯದ ಕೆಲಸ ಮಾಡುತ್ತಿದ್ದೀರಿ ಅಕ್ಕ. ಇದನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಸುರತ್ಕಲ್ ಮೇಷ್ಟ್ರು
ಸದ್ದಿನ ಲೆಕ್ಕ ಯಾರೂ ಹೇಳಲಿಲ್ಲ. ನಾನು ಫಿಸಿಕ್ಸ್ ಕಲಿಸುವವನು, ಹೇಳುತ್ತೇನೆ.

ಕಾನೂನಿನ ಮಿತಿ ಹೀಗೆ: ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದು. ಇದು 1999ರಿಂದ ಇರುವ ನಿಯಮ. ಅದಕ್ಕಿಂತ ಜೋರಿನದ್ದನ್ನು ತಯಾರಿಸುವುದೂ ತಪ್ಪು, ಮಾರುವುದೂ ತಪ್ಪು, ಹೊಡೆಯುವುದೂ ತಪ್ಪು. ಮಾಲೆ ಪಟಾಕಿಗೆ ಇನ್ನೂ ಬಿಗಿ ಇತ್ತು. ಮಾಲೆಯಲ್ಲಿ ಪಟಾಕಿ ಜಾಸ್ತಿ ಆದ ಹಾಗೆ ಒಂದೊಂದರ ಮಿತಿ ಇಳಿಯುತ್ತದೆ. 100ರ ಮಾಲೆಗೆ 115, 1000ದ ಮಾಲೆಗೆ 110. ಈಗಂತೂ ಮಾಲೆಯೇ ನಿಷೇಧ.

125 ಅಂದರೆ ಎಷ್ಟು? ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45. ಡೆಸಿಬಲ್ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ. 45ರಿಂದ 125ಕ್ಕೆ ಎಂಟು ಸಲ ಹತ್ತು ಪಟ್ಟು, ಅಂದರೆ ಹತ್ತು ಕೋಟಿ ಪಟ್ಟು. ಬಯಲಿನಲ್ಲಿ ದೂರ ಎರಡು ಪಟ್ಟು ಆದ ಹಾಗೆ 6 ಡೆಸಿಬಲ್ ಕಡಿಮೆ ಆಗುತ್ತದೆ. 8 ಮೀಟರಿಗೆ 119, 16ಕ್ಕೆ 113, 32ಕ್ಕೆ 107. ದೇವರಮಾರು ಗದ್ದೆಯಲ್ಲಿ ಹಾಗೆ ಇಳಿಯುತ್ತದೆ. ಬಿಜೈಯ ಓಣಿಯಲ್ಲಿ ಅಷ್ಟು ಇಳಿಯುವುದಿಲ್ಲ. ಎರಡು ಗೋಡೆಗಳ ನಡುವೆ ಸದ್ದು ಹೊಡೆದು ವಾಪಸ್ ಬರುತ್ತದೆ. ಅದಕ್ಕೆ ಗಾಜು ನಡುಗಿದ್ದು.

ರಥಬೀದಿ
ಮೇಷ್ಟ್ರೇ, ಮೊಬೈಲಿನಲ್ಲಿ ಅಳೆಯುವ ಆ್ಯಪ್ ಇದೆಯಲ್ಲ, ಅದು ಸಾಕ್ಷಿಗೆ ಆಗುತ್ತದಾ?

ಸುರತ್ಕಲ್ ಮೇಷ್ಟ್ರು
ಆಗುವುದಿಲ್ಲ. ಮೊಬೈಲಿನ ಮೈಕ್ ಮಾತಿಗೆ ಮಾಡಿದ್ದು. ಪಟಾಕಿಯ ಸದ್ದು ಕಣ್ಣು ಮಿಟುಕಿಸುವುದರೊಳಗೆ ಏರಿ ಇಳಿಯುತ್ತದೆ. ಮೈಕ್ ಅಷ್ಟು ಹಿಡಿಯುವುದಿಲ್ಲ, ಕಡಿಮೆ ತೋರಿಸುತ್ತದೆ. ಆದರೆ ವಿಡಿಯೋ ಮಾಡಿ. ಗಂಟೆ, ಜಾಗ ಗೊತ್ತಾದರೆ ಸಾಕು. 10ರ ಮೇಲೆ ಹೊಡೆದದ್ದಕ್ಕೆ ಡೆಸಿಬಲ್ ಬೇಕಾಗಿಲ್ಲ.

ಕದ್ರಿ ನಾಯಿ ಮನೆ
ನಾಯಿಗಳ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಹನ್ನೊಂದು ವರ್ಷದ ನಾಯಿ ಮಂಚದ ಕೆಳಗೆ ಹೋದರೆ ಎರಡು ದಿನ ಊಟ ಇಲ್ಲ. ಬೀದಿ ನಾಯಿಗಳು ಹೆದರಿ ಓಡಿ ಗಾಡಿ ಅಡಿಗೆ ಬೀಳುತ್ತವೆ. ಹಬ್ಬದ ಮರುದಿನ ಬೆಳಿಗ್ಗೆ ವಾಕಿಂಗ್ ಹೋದವರು ನೋಡಿರುತ್ತೀರಿ. ನಾಯಿ ಇರುವವರು ಸಂಜೆ 6ರೊಳಗೆ ಹೊರಗೆ ಕರೆದುಕೊಂಡು ಹೋಗಿ ಬನ್ನಿ, ಕುತ್ತಿಗೆ ಪಟ್ಟಿಗೆ ಫೋನ್ ನಂಬರ್ ಹಾಕಿ, ಕಿಟಕಿ ಮುಚ್ಚಿ ಟಿವಿ ಸ್ವಲ್ಪ ಜೋರು ಇಡಿ.

ಕಂಕನಾಡಿ
ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಲ್ವಾ? ಹಾಗೆ ನೋಡಿದರೆ ಮಂಗಳೂರಿನ ಅರ್ಧ ಪೇಟೆಯಲ್ಲಿ ಪಟಾಕಿಯೇ ಹೊಡೆಯುವ ಹಾಗಿಲ್ಲ. ಹಂಪನಕಟ್ಟೆಯಲ್ಲಿ ವೆನ್ಲಾಕ್, ಅಲ್ಲೇ ಹತ್ತಿರ ಲೇಡಿ ಗೋಷನ್, ಮಿಲಾಗ್ರಿಸ್ ಶಾಲೆ, ಮೇಲೆ ಕೋರ್ಟ್. ಇತ್ತ ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರ್. ವೃತ್ತ ಹಾಕುತ್ತಾ ಹೋದರೆ ಒಂದಕ್ಕೊಂದು ತಾಗುತ್ತದೆ.

ಕೋರ್ಟ್ ಗುಡ್ಡೆ
ಇದರಲ್ಲಿ ಒಂದು ತಿದ್ದುಪಡಿ ಉಂಟು. 2000ದ ನಿಯಮದಲ್ಲಿ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಇತ್ತು. 2017ರ ಆಗಸ್ಟ್‌ನಲ್ಲಿ ಅದನ್ನು ಬದಲಿಸಿದರು. ಈಗ ರಾಜ್ಯ ಸರ್ಕಾರ ಘೋಷಿಸಿದ ಜಾಗ ಮಾತ್ರ ನಿಶ್ಶಬ್ದ ವಲಯ. ಹಾಗಾಗಿ ಬೋರ್ಡ್ ಇದೆಯಾ, ಘೋಷಣೆ ಆಗಿದೆಯಾ ಅಂತ ಮೊದಲು ನೋಡಬೇಕು.

ಕಂಕನಾಡಿ
ಅಂದರೆ ಘೋಷಣೆ ಮಾಡದಿದ್ದರೆ ರೋಗಿಗಳಿಗೆ ಕಿವಿಯೇ ಇಲ್ಲವಾ? ಇದು ಅನ್ಯಾಯ ಅಲ್ವಾ ಸಾರ್? ನಮ್ಮ ಕಾರ್ಪೊರೇಟರ್ ಹತ್ತಿರ ಹೋಗಿ ಪಾಲಿಕೆಯಲ್ಲೇ ಒಂದು ನಿಯಮ ಮಾಡಿಸಬಹುದಾ, ನಗರದ ಒಳಗೆ ಇಂಥದ್ದು ಮಾರಬಾರದು ಅಂತ?

ಕೋರ್ಟ್ ಗುಡ್ಡೆ
ಮಾರಾಟದ ಮೇಲೆ ಪಾಲಿಕೆಗೆ ಹೆಚ್ಚು ಹಿಡಿತ ಇಲ್ಲ. ಸ್ಫೋಟಕ ಅನ್ನುವುದು ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿ ಇದೆ. ಮೂಲ ಕಾಯ್ದೆ 1884ರದ್ದು, ಬ್ರಿಟಿಷರ ಕಾಲದ್ದು. ಈಗ ನಡೆಯುವುದು 2008ರ ನಿಯಮಗಳು. ಪರವಾನಗಿ ಕೊಡುವುದು ಮಂಗಳೂರು ನಗರದಲ್ಲಿ ಕಮಿಷನರ್, ಹೊರಗೆ ಜಿಲ್ಲಾಧಿಕಾರಿ. ಪಾಲಿಕೆ ಮಾಡಬಹುದಾದದ್ದು ಬೇರೆ ಉಂಟು: ಸ್ಟಾಲ್‌ಗೆ, ಸಾರ್ವಜನಿಕವಾಗಿ ಹೊಡೆಯಲು ಮೈದಾನ ಗೊತ್ತು ಮಾಡುವುದು, ಮರುದಿನ ಕಸ ತೆಗೆಯುವುದು, ದಿನಸಿ ಅಂಗಡಿಯ ವ್ಯಾಪಾರ ಪರವಾನಗಿ ಪರಿಶೀಲಿಸುವುದು. ವಾರ್ಡ್‌ಗೆ ಒಂದು ಮೈದಾನ ಅಂತ ಕೇಳಿ. ಅದು ಆಗುವ ಕೆಲಸ. 2018ರ ತೀರ್ಪಿನಲ್ಲೂ ಎಲ್ಲರೂ ಒಂದು ಕಡೆ ಸೇರಿ ಹೊಡೆಯುವುದಕ್ಕೆ ಒತ್ತು ಕೊಟ್ಟಿದ್ದಾರೆ.

ಶಿಕ್ಷೆಯ ವಿಷಯ ಕೇಳುವವರಿಗೆ: ಸ್ಫೋಟಕವನ್ನು ಅಜಾಗ್ರತೆಯಿಂದ ಬಳಸಿ ಇನ್ನೊಬ್ಬರ ಜೀವಕ್ಕೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 288ನೇ ಕಲಂ. ಆರು ತಿಂಗಳವರೆಗೆ ಜೈಲು, ಇಲ್ಲ 5000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಹಳೆಯ ಕಾನೂನಿನಲ್ಲಿ ದಂಡ 1000 ಇತ್ತು.

ಮದುವೆ ಮನೆ
ಪಟಾಕಿ ಬಿಡಿ, ಮದರಂಗಿ ರಾತ್ರಿಯ ಡಿಜೆಗೆ ಯಾರು ಎಂತ ಮಾಡುತ್ತಾರೆ? ದೀಪಾವಳಿ ವರ್ಷಕ್ಕೆ ಮೂರು ದಿನ. ಡಿಜೆ ಡಿಸೆಂಬರಿನಿಂದ ಮೇವರೆಗೆ.

ಉರ್ವ ಸ್ಟೋರ್
ನಿಜ. ನಮ್ಮ ಹತ್ತಿರ ಕಳೆದ ಸೀಸನ್‌ನಲ್ಲಿ ಒಂದೇ ವಾರ ನಾಲ್ಕು. ಎದೆಯ ಒಳಗೆ ಬಡಿಯುತ್ತದೆ.

ಅತ್ತಾವರ 3ನೇ ಕ್ರಾಸ್
ಅದಕ್ಕೂ 10 ಗಂಟೆಯ ನಿಯಮವೇ. ಆದರೆ ಅದು ಬೇರೆ ಚರ್ಚೆ, ಇಲ್ಲಿಗೆ ತಂದರೆ ಇದೂ ಹೋಗುತ್ತದೆ, ಅದೂ ಹೋಗುತ್ತದೆ.

ಉಡುಪಿ ಕಲ್ಸಂಕ
ಉಡುಪಿಯಲ್ಲೂ ಇದೇ ಕಥೆ, ನಮ್ಮಲ್ಲಿ ಪರವಾನಗಿ ಜಿಲ್ಲಾಧಿಕಾರಿಗಳಿಂದ. ನನ್ನ ಪ್ರಶ್ನೆ ಬೇರೆ. ನರಕ ಚತುರ್ದಶಿಯ ದಿನ ನಮ್ಮಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರಿನಲ್ಲಿ ಸ್ನಾನ. ಸ್ನಾನ ಆದ ಮೇಲೆ ಮಕ್ಕಳು ಅಂಗಳದಲ್ಲಿ ಒಂದೆರಡು ಪಟಾಕಿ ಹೊಡೆಯಲೇಬೇಕು. ನರಕಾಸುರ ಸತ್ತ ಅಂತ ಊರಿಗೆ ಹೇಳುವುದು ಅದು. ಅಮ್ಮ ಆಗ ಅವಲಕ್ಕಿ ಕಲಸುತ್ತಿರುತ್ತಾರೆ. ನಿಯಮದ ಪ್ರಕಾರ 6ರ ಮೊದಲು ಅದು ರಾತ್ರಿಯೇ. ಹಾಗಾದರೆ ನಮ್ಮ ಹಬ್ಬದ ಮುಖ್ಯ ಗಂಟೆಯೇ ಕಾನೂನಿಗೆ ವಿರುದ್ಧ ಆಯಿತಲ್ಲ? ಉತ್ತರದ ದೀಪಾವಳಿ ಸಂಜೆಯದ್ದು, ನಮ್ಮದು ಬೆಳಗಿನದ್ದು. ಇದನ್ನು ಯಾರಾದರೂ ಯೋಚನೆ ಮಾಡಿದ್ದಾರಾ?

ಕೋರ್ಟ್ ಗುಡ್ಡೆ
ಮಾಡಿದ್ದಾರೆ. ತಮಿಳುನಾಡು ಸರ್ಕಾರ ಇದನ್ನೇ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಅಕ್ಟೋಬರ್ 30ರಂದು ಕೋರ್ಟ್ ದಕ್ಷಿಣದ ರಾಜ್ಯಗಳಿಗೆ ಗಂಟೆ ಬದಲಿಸಿಕೊಳ್ಳಲು ಬಿಟ್ಟಿತು. ಆದರೆ ದಿನಕ್ಕೆ ಒಟ್ಟು ಎರಡು ಗಂಟೆ ಮೀರಬಾರದು. ತಮಿಳುನಾಡಿನವರು ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8 ಅಂತ ಮಾಡಿಕೊಂಡರು. ನಮ್ಮಲ್ಲಿ ಸಂಜೆ 8ರಿಂದ 10 ಅಂತಲೇ ಆದೇಶ ಬರುತ್ತಾ ಇದೆ. ಕರಾವಳಿಯವರು ಬೆಳಗಿನ ಒಂದು ಗಂಟೆ ಬೇಕು ಅಂತ ಸರ್ಕಾರಕ್ಕೆ ಬರೆದರೆ ಕೋರ್ಟಿನ ಅಡ್ಡಿ ಇಲ್ಲ. 2025ರ ಅಕ್ಟೋಬರ್ 15ರಂದು ದೆಹಲಿಗೂ ಬೆಳಿಗ್ಗೆ 6ರಿಂದ 7, ರಾತ್ರಿ 8ರಿಂದ 10 ಅಂತ ಕೊಟ್ಟಿದ್ದಾರೆ.

ಉಡುಪಿ ಕಲ್ಸಂಕ
ಇದು ತಿಳಿದದ್ದು ತುಂಬಾ ಒಳ್ಳೆಯದಾಯಿತು. ಎಣ್ಣೆ ಸ್ನಾನ ಒಂದು ಗಂಟೆ ತಡ ಮಾಡಿದರೆ ಆಯಿತು. ಆರು ಗಂಟೆಗೆ ಇನ್ನೂ ಮಬ್ಬು ಇರುತ್ತದೆ, ಮಕ್ಕಳಿಗೆ ಖುಷಿಯೂ ಆಗುತ್ತದೆ. ನಾನೇ ಅರ್ಜಿ ಬರೆಯುತ್ತೇನೆ.

ಕುಡ್ಲದ ಅಜ್ಜಿ
ನಮ್ಮ ಕಾಲದಲ್ಲಿ ಪಟಾಕಿ ಅಂದರೆ ಒಂದು ಸಣ್ಣ ಪೊಟ್ಟಣ. ಐದು ಮಕ್ಕಳಿಗೆ ಹಂಚಬೇಕು. ಬೀಡಿ ಪಟಾಕಿಯನ್ನು ಬಿಡಿಸಿ ಒಂದೊಂದಾಗಿ ಹೊಡೆಯುತ್ತಿದ್ದೆವು. ಕೇಪನ್ನು ಕಲ್ಲಿನಲ್ಲಿ ಜಜ್ಜುವುದೇ ದೊಡ್ಡ ಸಂತೋಷ. ಗೂಡುದೀಪ ಮಾತ್ರ ಮನೆಯಲ್ಲೇ ಮಾಡಬೇಕು. ಬಿದಿರು ಸೀಳಿ, ಬಣ್ಣದ ಕಾಗದಕ್ಕೆ ಮೈದಾದ ಅಂಟು ಹಚ್ಚಿ, ಅಣ್ಣ ರಾತ್ರಿ ಎಲ್ಲ ಕೂರುತ್ತಿದ್ದ. ಬಲೀಂದ್ರನನ್ನು ಗದ್ದೆಯ ಬದಿಯಲ್ಲಿ ದೀಪ ಹಿಡಿದು "ಕೂ" ಅಂತ ಕರೆಯುವುದು. ಪಕ್ಕದ ಮನೆಯ ಕೂ ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಈಗ ಯಾರ ಕೂ ಯಾರಿಗೂ ಕೇಳುವುದಿಲ್ಲ.

ಹತ್ತೂರ ಒಡೆಯ
ಅಜ್ಜಿ, ನಿಮ್ಮ ಮಾತು ಓದಿ ನನ್ನ ಅಜ್ಜಿಯ ದನಿ ಕೇಳಿದ ಹಾಗಾಯಿತು.

ಕೊಟ್ಟಾರ ಹೆಂಚಿನ ಮನೆ
ರಾಕೆಟ್ ಬಗ್ಗೆಯೂ ಹೇಳಿ. ನಮ್ಮದು ಹಳೆ ಹೆಂಚಿನ ಮನೆ, ಸುತ್ತ ಫ್ಲ್ಯಾಟ್. ಟೆರೇಸಿನಿಂದ ಬಾಟಲಿಯಲ್ಲಿ ಇಟ್ಟು ಬಿಡುತ್ತಾರೆ. ಅವರಿಗೆ ಆಕಾಶ ಕಾಣುತ್ತದೆ, ನಮ್ಮ ಮಾಡು ಕಾಣುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಹಿತ್ತಲಿನ ತೆಂಗಿನ ಮರಕ್ಕೆ ಬಿದ್ದು ಒಣ ಮಡಲು ಹೊತ್ತಿಕೊಂಡಿತು. ಅದರ ಕೆಳಗೆ ಸೌದೆ ಕೊಟ್ಟಿಗೆ. ಅಗ್ನಿಶಾಮಕದವರು ಬರುವ ಮೊದಲು ಬಾವಿಯಿಂದ ನೀರು ಸೇದಿ ಹೊಯ್ದದ್ದು ನಾನು ಮತ್ತು ನನ್ನ ಹೆಂಡತಿ. ಈಗ ಹಬ್ಬಕ್ಕೆ ಮೊದಲು ಮಡಲೆಲ್ಲ ತೆಗೆಸುತ್ತೇನೆ. ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಕುರ್ಚಿ ಹಾಕಿ ಮೇಲೆ ನೋಡಿಕೊಂಡು ಕೂರುತ್ತೇನೆ. ನನ್ನ ದೀಪಾವಳಿ ಹೀಗೆ.

ಮೈದಾನದ ಸ್ಟಾಲ್
ಆದಷ್ಟು ಮಟ್ಟಿಗೆ ಫ್ಲ್ಯಾಟಿನವರಿಗೆ ರಾಕೆಟ್ ಬೇಡ ಅಂತ ನಾನು ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಇನ್ನೊಂದು ವಿಷಯ. ಹಸಿರು ಪಟಾಕಿಯ ಪೆಟ್ಟಿಗೆ ಮೇಲೆ ನೀರಿಯ (ಹಸಿರು ಪಟಾಕಿ ರೂಪಿಸಿದ ಕೇಂದ್ರದ ಸಂಶೋಧನಾ ಸಂಸ್ಥೆ) ಗುರುತು ಮತ್ತು ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿ ನೋಡಿಯೇ ತೆಗೆದುಕೊಳ್ಳಿ. ಬರೀ ಹಸಿರು ಬಣ್ಣದ ಕಾಗದ ಇದ್ದರೆ ಆಗುವುದಿಲ್ಲ.

ಸುರತ್ಕಲ್ ಮೇಷ್ಟ್ರು
ಹಸಿರು ಅಂದರೆ ಹೊಗೆ ಇಲ್ಲ, ಸದ್ದಿಲ್ಲ ಅಂತ ಅಲ್ಲ. ದೂಳು ಹೊಗೆ ಸುಮಾರು 30 ಶೇಕಡ ಕಡಿಮೆ, ಅಷ್ಟೇ. ಉಳಿದ 70 ಇದ್ದೇ ಇದೆ. ಅಸ್ತಮಾ ಇರುವವರ ಮನೆ ಮುಂದೆ ಅದೂ ಬೇಡ.

ಫ್ಲ್ಯಾಟ್ ಕಾರ್ಯದರ್ಶಿ, ಕಾಪಿಕಾಡ್
ನಮ್ಮಲ್ಲಿ 64 ಮನೆ. ಮೂರು ವರ್ಷದ ಹಿಂದೆ ಇದೇ ಜಗಳ ಕೈಕೈ ಮಿಲಾಯಿಸುವವರೆಗೆ ಹೋಗಿತ್ತು. ಆಮೇಲೆ ಹೀಗೆ ಮಾಡಿದೆವು. ಟೆರೇಸಿಗೆ ಬೀಗ. ಹಿಂದಿನ ಪಾರ್ಕಿಂಗ್ ಜಾಗದಿಂದ ಎಲ್ಲ ಗಾಡಿ ತೆಗೆದು ಅಲ್ಲಿ ಮಾತ್ರ 8ರಿಂದ 10. ಬಾಂಬ್ ಬೇಡ, ರಾಕೆಟ್ ಬೇಡ, ಮಾಲೆ ಬೇಡ. ನೆಲಚಕ್ರ, ಹೂಕುಂಡ, ಕಡ್ಡಿ. ನಾಲ್ಕು ಬಾಲ್ದಿ ಮರಳು, ನಾಲ್ಕು ಬಾಲ್ದಿ ನೀರು. ಎಲ್ಲರೂ ಹಣ ಹಾಕಿ ಒಟ್ಟಿಗೆ ತರುತ್ತೇವೆ. ಮೊದಲ ವರ್ಷ ಇಬ್ಬರು ಸಿಟ್ಟು ಮಾಡಿಕೊಂಡು ಬರಲಿಲ್ಲ. ಎರಡನೇ ವರ್ಷ ಅವರ ಮಕ್ಕಳೇ ಅವರನ್ನು ಎಳೆದುಕೊಂಡು ಬಂದರು.

ಹೊರಗಿನಿಂದ ಸದ್ದು ಬಂದರೆ 112ಕ್ಕೆ ಫೋನ್ ಮಾಡುತ್ತೇವೆ. ಠಾಣೆಯ ನಂಬರಿಗಿಂತ ಅದು ಒಳ್ಳೆಯದು, ಕರೆ ದಾಖಲಾಗುತ್ತದೆ. ಹಬ್ಬಕ್ಕೆ ಮೊದಲೇ ಸಂಘದ ಕಾಗದದಲ್ಲಿ ಠಾಣೆಗೆ ಒಂದು ಮನವಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇವೆ. ಆಮೇಲೆ ಯಾರೂ "ಗೊತ್ತಿರಲಿಲ್ಲ" ಅನ್ನುವುದಿಲ್ಲ.

ಬಿಜೈ ಮಗಳು
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. 112ರ ವಿಷಯ, ಮನವಿಯ ವಿಷಯ ಬರೆದುಕೊಂಡೆ. ಆದರೆ ನಮ್ಮದು ಫ್ಲ್ಯಾಟ್ ಅಲ್ಲ, ಬಿಡಿ ಮನೆಗಳು, ಸಂಘ ಅಂತ ಇಲ್ಲ. ಈ ಸಲ ಅಪ್ಪನನ್ನು ಮೂರು ದಿನ ಕಾರ್ಕಳದ ಅಕ್ಕನ ಮನೆಗೆ ಕಳುಹಿಸುವ ಅಂತ ಮನೆಯಲ್ಲಿ ಮಾತಾಡುತ್ತಿದ್ದೇವೆ.

ಕುಡ್ಲದ ಅಜ್ಜಿ
ಮಗಾ, ಹಬ್ಬದ ದಿನ ಮನೆಯ ಹಿರಿಯರು ಮನೆಯಲ್ಲಿ ಇರಬೇಕು. ದೇವರ ಮುಂದೆ ಎಣ್ಣೆ ಇಟ್ಟು ಮಕ್ಕಳ ತಲೆಗೆ ಮೊದಲು ಮುಟ್ಟಿಸುವುದು ಅವರೇ ಅಲ್ವಾ. ತಪ್ಪು ಮಾಡುವವರು ಬೇರೆಯವರು, ಮನೆ ಬಿಡುವವರು ನಿನ್ನ ಅಪ್ಪನಾ?

ಆಸ್ಪತ್ರೆ ರಾತ್ರಿ ಪಾಳಿ
ಅಜ್ಜಿ ಹೇಳಿದ್ದು ಸರಿ. ಹೃದಯದ ರೋಗಿಗೆ ಡಾಕ್ಟರೂ ಹತ್ತಿರ ಇರುವುದು ಒಳ್ಳೆಯದು.

ವೇಣೂರು ದಾರಿ
ಅಕ್ಕ, ನಾನು ಕದ್ರಿಯಲ್ಲಿ ರೂಮ್ ಮಾಡಿಕೊಂಡು ಇದ್ದೇನೆ. ನಿಮ್ಮ ಓಣಿಯ ಮನೆಮನೆಗೆ ಹೋಗಿ ಮಾತಾಡುವುದಾದರೆ ನಾನೂ ಬರುತ್ತೇನೆ. ಜಗಳಕ್ಕಲ್ಲ. ಕುಕ್ಕೇಡಿಯಲ್ಲಿ ಆದದ್ದು ಹೇಳಲು.

ಉರ್ವ ಸ್ಟೋರ್
ನಾನೂ ಬರುತ್ತೇನೆ. ಬೈಕ್ ಉಂಟು. ಮನವಿಯ ಕಾಗದ ಯಾರು ಬರೆಯುತ್ತೀರಿ?

ಕೋರ್ಟ್ ಗುಡ್ಡೆ
ಕಾಗದ ನಾನು ಕೊಡುತ್ತೇನೆ. ಒಂದು ಪುಟ ಸಾಕು. ಓಣಿಯ ಹತ್ತು ಮನೆಯವರ ಸಹಿ ಇದ್ದರೆ ಒಳ್ಳೆಯದು.

ಬಿಜೈ ಮಗಳು
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಕಾರ್ಕಳಕ್ಕೆ ಹೋಗುವುದಿಲ್ಲ ಅಂದರು. ಮೊದಲ ಸಹಿ ಅವರೇ ಹಾಕುತ್ತಾರಂತೆ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಗೆ ಬನ್ನಿ. ಬಿಜೈ ಮಾರ್ಕೆಟ್ ಹತ್ತಿರ ಬಂದು ಇಲ್ಲಿ ಮೆಸೇಜ್ ಹಾಕಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ತಿಂಡಿಗೆ ನೀರುದೋಸೆ ಮಾಡುತ್ತೇನೆ.